ದೇವರಗೂಡಿನ ಬಳಿ ಕಡಿದ ಗೆರೆ

ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು, "ನೀವು ಯಾವ ಆಫೀಸಿನಲ್ಲಿ ಇದ್ದಿರಿ?" ಎಂದು. ನಾನು ಯಾವ ಆಫೀಸಿನಲ್ಲೂ ಇರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಮನೆಯ ನಡುಮನೆ, ಅದರ ಕಿಟಕಿಯ ಪಕ್ಕ ಬಟ್ಟೆಗೆ ಇಸ್ತ್ರಿ ಹಾಕುವ ಮೇಜು, ಅದೇ ನನ್ನ ಆಫೀಸು. ನಮ್ಮ ಮನೆಯವರು ಹೈಸ್ಕೂಲಿಗೆ ಪಾಠ ಹೇಳಲು ಹೋದ ಮೇಲೆ ಅದು ತೆರೆಯುತ್ತಿತ್ತು. ಅತ್ತೆಯವರು "ಗೌರೀ, ಹಾಲು ಉಕ್ತಿದೆ ಕಣೇ" ಎಂದ ತಕ್ಷಣ ಮುಚ್ಚುತ್ತಿತ್ತು.

ಕೆಲಸ ಕೊಟ್ಟವರು ರುದ್ರಪ್ಪನವರು. ರೈಲ್ವೆಯಲ್ಲಿ ಇಂಜಿನಿಯರಾಗಿ ಉತ್ತರದಲ್ಲೇ ಆಯುಷ್ಯ ಕಳೆದು, ಕೊನೆಗೆ ಕ್ವೆಟ್ಟಾದ ಕಡೆ ಇದ್ದು, ಅಲ್ಲಿ ಭೂಕಂಪವಾದ ಮರುವರ್ಷ ಊರಿಗೆ ಬಂದವರು. ಬಂದ ಮೇಲೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಮನೆ ಕಟ್ಟಿಸುವವರಿಗೆ ನಕ್ಷೆ ಮಾಡಿಕೊಡುತ್ತಿದ್ದರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಪೆನ್ಸಿಲಿನಲ್ಲಿ ದಪ್ಪಗೆ ಬರೆಯಬಲ್ಲರು, ಆದರೆ ಮಸಿಯಲ್ಲಿ ಕೂದಲಿನಷ್ಟು ತೆಳುವಾದ ಗೆರೆ ಎಳೆಯುವುದು ಅವರಿಂದ ಆಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಕೈಬರಹ ಅಚ್ಚಿನ ಹಾಗಿದೆ ಎಂದು ಯಾರೋ ನನ್ನ ಹೆಸರು ಹೇಳಿದರಂತೆ.

ನಮ್ಮ ಮನೆಯವರು ಒಪ್ಪಿದರು. ಅತ್ತೆಯವರು, "ಮನೇಲೇ ಕೂತು ಗೆರೆ ಎಳೆಯೋದಾದ್ರೆ ಎಳೀಲಿ, ಬೀದೀಲಿ ರಂಗೋಲಿ ಹಾಕೋದಕ್ಕಿಂತ ವಾಸಿ" ಎಂದರು.

ಈಗಿನವರಿಗೆ ಆ ಕೆಲಸದ ರೀತಿಯೇ ಗೊತ್ತಿಲ್ಲ. ರುದ್ರಪ್ಪನವರ ಪೆನ್ಸಿಲ್ ಹಾಳೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸುತ್ತಿದ್ದೆ. ಅದು ಗಂಜಿ ಹಾಕಿ ಗಾಜಿನ ಹಾಗೆ ಮಾಡಿದ ನಯವಾದ ಬಟ್ಟೆ, ಕೆಳಗಿನ ಗೆರೆ ಅದರಲ್ಲಿ ಕಾಣುತ್ತದೆ. ಮೊದಲು ಸೀಮೆಸುಣ್ಣದ ಪುಡಿ ಸವರಬೇಕು, ಇಲ್ಲದಿದ್ದರೆ ಮಸಿ ಹಿಡಿಯದು. ಆಮೇಲೆ ಕೆಳಗೆ ಕಂಡದ್ದನ್ನೆಲ್ಲ ಮೇಲೆ ಮಸಿಯಲ್ಲಿ ನಕಲು ಮಾಡಬೇಕು. ಮುಗಿದ ಬಟ್ಟೆಯನ್ನು ಬಿಸಿಲಿಗೆ ಬಣ್ಣ ತಿರುಗುವ ಮಸಾಲೆ ಬಳಿದ ಕಾಗದದ ಮೇಲಿಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು ಅಂಗಳದ ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಕಾಗದವೆಲ್ಲ ನೀಲಿಯಾಗಿ ಗೆರೆಗಳು ಬೆಳ್ಳಗೆ ಏಳುತ್ತಿದ್ದವು. ಮೇಸ್ತ್ರಿಗಳ ಕೈಗೆ ಹೋಗುತ್ತಿದ್ದುದು ಆ ನೀಲಿ ಕಾಗದ. ಒಗೆದ ಸೀರೆಗಳ ಪಕ್ಕದಲ್ಲೇ ಅದನ್ನೂ ಒಣಹಾಕುತ್ತಿದ್ದೆ. ಎದುರುಮನೆಯವರು "ಏನ್ ಗೌರಮ್ಮ, ಇವತ್ತು ಯಾರ ಮನೆ ಒಗೆದ್ರಿ?" ಎನ್ನುತ್ತಿದ್ದರು.

ನನ್ನ ಮೊದಲ ಹಾಳೆ ಹಾಳಾದದ್ದು ಒಂದು ಹನಿ ನೀರಿನಿಂದ. ತಲೆಗೆ ನೀರು ಹಾಕಿಕೊಂಡು, ಕೂದಲು ಸರಿಯಾಗಿ ಒಣಗುವ ಮುಂಚೆ ಕೂತಿದ್ದೆ. ಜಡೆಯ ತುದಿಯಿಂದ ಹನಿ ಬಿದ್ದ ಕಡೆ ಬಟ್ಟೆ ಗುಳ್ಳೆ ಎದ್ದು, ಮೂರು ದಿನದ ಕೆಲಸ ಸುಕ್ಕಾಯಿತು. ರುದ್ರಪ್ಪನವರು ಬೈಯಲಿಲ್ಲ. "ತಾಯಿ, ಈ ಕೆಲಸದಲ್ಲಿ ಅಳೋದಕ್ಕೂ ಜಾಗ ಇಲ್ಲ, ಕಣ್ಣೀರು ಬಿದ್ರೆ ಇನ್ನೊಂದು ಹಾಳೆ ಹೋಗುತ್ತೆ" ಎಂದರು. ಕೆಟ್ಟ ಹಾಳೆಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಗಂಜಿ ಬಿಟ್ಟು ಮಲ್ಲಿನಂಥ ಮೆತ್ತನೆಯ ಬಟ್ಟೆ ಉಳಿಯುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ನನ್ನ ಕೈಗೂಸು ಆ ವರ್ಷವೆಲ್ಲ ಹಾಕಿಕೊಂಡ, ಆ ಬಟ್ಟೆಯಲ್ಲೇ ಹೊಲಿದ ಕುಲಾವಿಯ ಮೇಲೆ, ಬೆಳಕಿಗೆ ಹಿಡಿದರೆ, ಯಾರದೋ ಮನೆಯ ಮೆಟ್ಟಿಲು ಮಾಸಲಾಗಿ ಕಾಣುತ್ತಿತ್ತು.

ಯುದ್ಧ ಶುರುವಾಗುವ ಮುಂಚಿನ ವರ್ಷ ಹನ್ನೆರಡು ಮನೆಗಳ ಕೆಲಸವೊಂದು ಬಂತು. ಮಲವಗೊಪ್ಪ ದಾಟಿ ಭದ್ರಾವತಿಯ ರಸ್ತೆಯಲ್ಲಿ, ಕಾರ್ಖಾನೆಯ ಕೆಲಸಕ್ಕೆ ಬರುವ ಸಂಸಾರಗಳಿಗೆ ಬಾಡಿಗೆಗೆ ಕೊಡಲೆಂದು ಒಬ್ಬ ಮಂಡಿ ಯಜಮಾನರು ಸಾಲುಮನೆ ಕಟ್ಟಿಸಹೊರಟಿದ್ದರು. ರುದ್ರಪ್ಪನವರು ಅದಕ್ಕೆ ಒಂದು ಹೊಸ ಹಾಳೆ ಸೇರಿಸಿದರು. ಬಾಗಿಲುಗಳ ತಲೆಮಟ್ಟದಲ್ಲಿ, ಮನೆಯ ಎಲ್ಲ ಗೋಡೆಗಳ ಮೇಲೂ ಸುತ್ತುವರಿದು, ಎರಡೆರಡು ಕಬ್ಬಿಣದ ಕಂಬಿ ಇಟ್ಟು ಕಾಂಕ್ರೀಟು ತುಂಬಿದ ಪಟ್ಟಿ. ಹೆಂಗಸರು ಸೊಂಟಕ್ಕೆ ಕಟ್ಟುವ ಒಡವೆಯ ಹೆಸರಿನಲ್ಲಿ ಅದನ್ನು ಅವರು 'ಡಾಬು' ಎಂದು ಕರೆದರು. ಅದರ ಮೇಲೆ ಮತ್ತೆ ಮೂರಡಿ ಗೋಡೆ, ಆಮೇಲೆ ಹೆಂಚಿನ ಮಾಡು.

ಯಜಮಾನರು ನಮ್ಮ ಜಗುಲಿಯಲ್ಲೇ ಕೂತು ನಕ್ಕರು. "ಅಲ್ಲ ಮಾರಾಯ್ರೇ, ನಮ್ಮ ಭೂಮಿ ಯಾವತ್ತಾದ್ರೂ ಅಲ್ಲಾಡಿದ್ದುಂಟಾ? ಎರಡಡಿ ದಪ್ಪದ ಗೋಡೆ ಹಾಕಿಸ್ತೀನಿ. ಆನೆ ಬಂದು ಗುದ್ದಿದ್ರೂ ಬೀಳಲ್ಲ."

ರುದ್ರಪ್ಪನವರು ನನ್ನ ಕಡೆ ತಿರುಗಿ, "ತಾಯಿ, ಒಂದು ಮೊರ, ನಾಲ್ಕು ಬೆಂಕಿಪೆಟ್ಟಿಗೆ, ಒಂದು ತಟ್ಟೆ ತನ್ನಿ. ಒಂದು ಕಡಲೆಕಾಳೂ ಇರಲಿ" ಎಂದರು.

ತಂದೆ. ಮೊರದ ಮೇಲೆ ಬೆಂಕಿಪೆಟ್ಟಿಗೆಗಳನ್ನು ನಾಲ್ಕು ಗೋಡೆಗಳ ಹಾಗೆ ನಿಲ್ಲಿಸಿದರು. ಮಧ್ಯೆ ಕಡಲೆಕಾಳು ಇಟ್ಟರು. ಮೇಲೆ ತಟ್ಟೆ ಮುಚ್ಚಿದರು.

"ಈ ಕಾಳು ಏನು ಸ್ವಾಮಿ?" ಎಂದರು ಯಜಮಾನರು.

"ಮಗು. ಮಲಗಿದೆ."

ಮೊರವನ್ನು ಅಕ್ಕಿ ಕೇರುವಷ್ಟೂ ಅಲ್ಲಾಡಿಸಲಿಲ್ಲ. ಮೂಲೆಗಳು ಬಾಯಿಬಿಟ್ಟವು. ಒಂದೊಂದು ಗೋಡೆ ಒಂದೊಂದು ಕಡೆಗೆ, ತನಗೂ ಪಕ್ಕದವನಿಗೂ ಸಂಬಂಧವೇ ಇಲ್ಲವೆಂಬಂತೆ ಬಿತ್ತು. ತಟ್ಟೆ ಟಪ್ಪೆಂದು ಕಾಳಿನ ಮೇಲೆ ಕೂತಿತು. ಆಮೇಲೆ ನನ್ನ ಹೊಲಿಗೆಯ ದಾರ ತೆಗೆದುಕೊಂಡು ನಾಲ್ಕೂ ಪೆಟ್ಟಿಗೆಗಳನ್ನು ಸುತ್ತಿ ಗಂಟು ಹಾಕಿ, ಮತ್ತೆ ತಟ್ಟೆ ಮುಚ್ಚಿ, ಮೊದಲಿಗಿಂತ ಜೋರಾಗಿ ಅಲ್ಲಾಡಿಸಿದರು. ಎಲ್ಲವೂ ಒಟ್ಟಿಗೆ ಅತ್ತ ಇತ್ತ ಜರುಗಿದವು, ಬೀಳಲಿಲ್ಲ. ಕೊನೆಗೆ ಕತ್ತರಿಯಿಂದ ಒಂದೇ ಒಂದು ಮೂಲೆಯಲ್ಲಿ ದಾರ ಕತ್ತರಿಸಿದರು. ಎಲ್ಲವೂ ಬಿದ್ದವು.

"ದಪ್ಪ ಗೋಡೆ ಅಂದ್ರೆ ಭಾರ ಜಾಸ್ತಿ, ಅಷ್ಟೇ. ಬಿದ್ದಾಗ ತೆಗೆಯೋದು ಕಷ್ಟ," ಎಂದರು. "ಕ್ವೆಟ್ಟಾದಲ್ಲಿ ನಾನು ಮೂರು ದಿನ ತೆಗೆಸಿದೀನಿ."

ಯಜಮಾನರು ಡಾಬಿಗೆ ಒಪ್ಪಿದರು.

ಹುಟ್ಟಿದಂದಿನಿಂದ ದಪ್ಪ ಗೋಡೆ ಕಂಡರೆ ಧೈರ್ಯ ಎಂದುಕೊಂಡವಳು ನಾನು. ನಮ್ಮದು ಎರಡಡಿಯ ಮಣ್ಣುಗೋಡೆ. ಅಟ್ಟದ ತುಂಬ ಮದುವೆಮನೆಗೆ ಆಗುವಷ್ಟು ಹಿತ್ತಾಳೆ ಹಂಡೆ, ಕೊಳಗ. ಅದರ ನೇರ ಕೆಳಗೆ ತೊಟ್ಟಿಲು. ಅದೇ ಮಧ್ಯಾಹ್ನ ತೊಟ್ಟಿಲನ್ನು ಎಳೆದು ಬಾಗಿಲ ಪಕ್ಕಕ್ಕೆ ತಂದೆ. "ಗಾಳಿಗಿಡ್ತೀಯೇನೇ ಮಗೂನ? ಆ ಮುದುಕಪ್ಪ ನಿನ್ನ ತಲೆ ಕೆಡಿಸಿದಾನೆ ಕಣೇ" ಎಂದು ಅತ್ತೆಯವರು ಗೊಣಗಿದರು. ಮರುದಿನ ನೋಡಿದರೆ ಅವರ ಹಾಸಿಗೆಯೂ ಅಟ್ಟದ ಕೆಳಗಿನಿಂದ ಬಾಗಿಲ ಕಡೆಗೆ ಬಂದಿತ್ತು.

ಡಾಬಿನ ಹಾಳೆಯನ್ನು ನಾನು ಬಹಳ ಪ್ರೀತಿಯಿಂದ ಬರೆದೆ. ಎಷ್ಟು ಪ್ರೀತಿಯೆಂದರೆ, ಅದರಲ್ಲೇ ತಪ್ಪು ಮಾಡಿದೆ.

ಪ್ರತಿ ಮನೆಯ ಈಶಾನ್ಯದ ಮೂಲೆಯಲ್ಲಿ, ಗೋಡೆಯ ದಪ್ಪದೊಳಗೇ ಒಂದು ದೇವರಗೂಡು ಇತ್ತು. ಗೂಡಿನ ತಲೆಯ ಮೇಲೆಯೇ ಡಾಬು ಹಾಯಬೇಕು. ರುದ್ರಪ್ಪನವರು ಪೆನ್ಸಿಲಿನಲ್ಲಿ ಕಂಬಿಯ ಎರಡು ಗೆರೆಗಳನ್ನೂ ಎಳೆದು, ಜಾಗವಿಲ್ಲದ್ದರಿಂದ ಆ ಗೆರೆಗಳ ಮೇಲೆಯೇ 'ದೇವರಗೂಡು' ಎಂದು ಬರೆದಿದ್ದರು. ನೋಡಲು ಅಸಹ್ಯವಾಗಿತ್ತು. ಕಾನ್ವೆಂಟಿನಲ್ಲಿ ನಮಗೆ ಅಕ್ಷರ ತಿದ್ದಿಸಿದ ಸಿಸ್ಟರ್ ಆಗ್ನೆಸ್, ಅಕ್ಷರದ ಮೇಲೆ ಗೆರೆ ಹಾಯ್ದರೆ ಅಡಿಕೋಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಗೆರೆ ಅಕ್ಷರಕ್ಕೆ ದಾರಿ ಬಿಡಬೇಕು, ಅಕ್ಷರ ಗೆರೆಗೆ ಬಿಡಬಾರದು, ಇದು ಅವರ ಪಾಠ. ಅದರಲ್ಲೂ ದೇವರ ಹೆಸರು. ನಾನು ಆ ಮೂಲೆಯಲ್ಲಿ ಎರಡೂ ಗೆರೆಗಳನ್ನು ನಿಲ್ಲಿಸಿ, ಅಕ್ಷರವನ್ನು ಮುತ್ತಿನ ಹಾಗೆ ಬರೆದು, ಆಚೆಯಿಂದ ಮತ್ತೆ ಗೆರೆ ಮುಂದುವರಿಸಿದೆ. ಹಾಳೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ನಮ್ಮ ಮನೆಯವರನ್ನು ಕರೆದು ತೋರಿಸಿದೆ.

ರುದ್ರಪ್ಪನವರು ಮೂಗಿನ ಹತ್ತಿರ ಹಿಡಿದು ನೋಡಿ, "ಬಹಳ ಚೊಕ್ಕ" ಎಂದರು. ನಾಲ್ಕು ನೀಲಿ ಪ್ರತಿ ತೆಗೆದು, ಒಂದನ್ನು ಇಟ್ಟುಕೊಂಡು ಮೂರನ್ನು ಕಳಿಸಿದೆವು. ಪೆನ್ಸಿಲ್ ಹಾಳೆ, ಎಂದಿನಂತೆ, ನನ್ನ ಟ್ರಂಕಿಗೆ ಹೋಯಿತು.

ಪಾಯ ಮುಗಿದು ಗೋಡೆ ಎದೆಮಟ್ಟಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ಪೂರ್ತಿ ಮಂಜಾಯಿತು. ಪೊರೆ ತೆಗೆಸಲು ಬೆಂಗಳೂರಿಗೆ ಹೋದರು. ಆಗಿನ ಕಾಲಕ್ಕೆ ಕಣ್ಣಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಅಲ್ಲಾಡದೆ ಮಲಗಿಸುತ್ತಿದ್ದರು. ಎರಡು ತಿಂಗಳು ಬಿಟ್ಟು, ಸೋಡಾಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಬಂದರು. ನಮ್ಮ ಜಗುಲಿಯಲ್ಲಿ ಕೂತು ಅದನ್ನೂ ಇದನ್ನೂ ಓದಿ ಸಂಭ್ರಮಪಟ್ಟರು. ಕ್ಯಾಲೆಂಡರ್ ಓದಿದರು, ಕಾಫಿಪುಡಿಯ ಪೊಟ್ಟಣದ ಮೇಲಿನ ಅಕ್ಷರ ಓದಿದರು.

"ತಾಯಿ, ಇಷ್ಟು ದಿನ ನಿಮ್ಮ ಗೆರೇನ ನಂಬಿಕೆ ಮೇಲೆ ನೋಡ್ತಿದ್ದೆ. ಇವತ್ತು ಕಣ್ಣಲ್ಲಿ ನೋಡ್ತೀನಿ. ಆ ಡಾಬಿನ ಪ್ರತಿ ತನ್ನಿ."

ಕೊಟ್ಟೆ. ಅವರ ಬೆರಳು ಮೊದಲನೆಯ ಮನೆಯ ಸುತ್ತ ಡಾಬಿನ ಮೇಲೆ ನಿಧಾನವಾಗಿ ಸಾಗಿತು. ಈಶಾನ್ಯದ ಮೂಲೆಗೆ ಬಂದು ನಿಂತಿತು. ಎರಡನೆಯ ಮನೆ. ಅಲ್ಲೂ ನಿಂತಿತು. ಮೂರನೆಯದು ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಜಟಕಾ ಕರೆಸಿ" ಎಂದರು.

ಅವರ ಜೊತೆ ಹೋದವರು ನಮ್ಮ ಮನೆಯವರು, ಸಂಜೆ ಬಂದು ಹೇಳಿದವರೂ ಅವರೇ. ಡಾಬು ಮುಗಿದು ಮೇಲಿನ ಗೋಡೆಯೂ ಎದ್ದಿತ್ತು. ಒಂದು ಮನೆಗೆ ಹೆಂಚೂ ಹೊದಿಸಿ ಸಂಸಾರ ಬಂದಿತ್ತು. ಮೇಸ್ತ್ರಿ ಚಿನ್ನಪ್ಪ ನೀಲಿ ಕಾಗದ ಬಿಡಿಸಿ ಎದೆಗೆ ಹಿಡಿದುಕೊಂಡು ನಿಂತನಂತೆ. "ಸಾಮೀ, ಕಾಗ್ದದಾಗೆ ಇದ್ದಂಗೇ ಮಾಡಿದೀನಿ. ದೇವ್ರ ತಲೆ ಮೇಲೆ ಕಬ್ಬಿಣ ಇರಬಾರ್ದು ಅಂತ ನೀವೇ ಬಿಡಿಸಿದೀರಿ ಅಂದ್ಕೊಂಡೆ. ನಮ್ಮಪ್ಪನೂ ಗುಡಿಗೆ ಕಬ್ಬಿಣ ತಾಗಿಸ್ತಿರ್ಲಿಲ್ಲ. ಸಾಹೇಬ್ರಿಗೂ ಶಾಸ್ತ್ರ ಗೊತ್ತು ಅಂತ ಖುಷಿಪಟ್ಟೆ."

ಡಾಬು ಎಲ್ಲೇ ಕಡಿದರೂ ಕಷ್ಟ. ಮೂಲೆಯಲ್ಲಿ ಕಡಿದರೆ ಡಾಬೇ ಇಲ್ಲದ ಹಾಗೆ. ಅದು ನನಗೂ ಗೊತ್ತಿತ್ತು, ಮೊರದ ಮೇಲೆ ನೋಡಿದ್ದೆನಲ್ಲ. ನೋಡಿಯೂ ಬರೆದಿದ್ದೆ.

"ಅವರು ಯಾರನ್ನೂ ಬೈಯಲಿಲ್ಲ," ಎಂದರು ನಮ್ಮ ಮನೆಯವರು. "ಕುರುಡುಗಣ್ಣಲ್ಲಿ ಪೆನ್ಸಿಲಿನಲ್ಲೇ ಗೆರೆ ಬಿಟ್ಟಿದೀನಿ, ತಪ್ಪು ನಂದೇ, ಇನ್ಮೇಲೆ ನಕ್ಷೆ ಮುಟ್ಟಲ್ಲ ಅಂದ್ರು. ಯಜಮಾನರು ಗೋಡೆ ಒಡೆಯೋಕೆ ಬಿಡೋದಿಲ್ಲ. ಕಣ್ಣು ಕಾಣದೋರ ಮಾತು ಕೇಳಿ ಒಂದ್ಸಲ ಕೆಟ್ಟೆ, ಎರಡನೇ ಸಲ ಕೆಡೋದಿಲ್ಲ ಅಂತಾರೆ."

ನಾನು ತರಕಾರಿ ಹೆಚ್ಚುತ್ತಿದ್ದೆ. ಪೆನ್ಸಿಲ್ ಹಾಳೆ ಟ್ರಂಕಿನಲ್ಲಿದೆ. ಅದನ್ನು ಯಾರೂ ಕೇಳಿಲ್ಲ. ಕೇಳುವುದೂ ಇಲ್ಲ, ಏಕೆಂದರೆ ಅವರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಎಷ್ಟು ಸುಲಭ ಎಂದು ಆ ಕ್ಷಣದಲ್ಲಿ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ.

ಹೆಚ್ಚಿದ ಬದನೆಕಾಯಿ ನೀರಿಗೆ ಹಾಕಿ, ಕೈ ತೊಳೆದು, ಟ್ರಂಕು ತೆಗೆದೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯವರ ಜೊತೆ ರುದ್ರಪ್ಪನವರ ಮನೆಗೆ ಹೋದೆ. ಯಜಮಾನರೂ ಅಲ್ಲೇ ಇದ್ದರು. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದೆ. ಅಕ್ಷರಗಳ ಮೈಮೇಲೆ ಎರಡು ದಪ್ಪ ಪೆನ್ಸಿಲ್ ಗೆರೆಗಳು ಎಲ್ಲೂ ಕಡಿಯದೆ ಹಾಯ್ದಿದ್ದವು.

"ಇವರ ಕಣ್ಣು ತಪ್ಪಲಿಲ್ಲ. ಅಕ್ಷರ ಅಂದವಾಗಿ ಕಾಣಲಿ ಅಂತ ನಾನು ಗೆರೆ ಕಡಿದೆ" ಎಂದೆ.

ರುದ್ರಪ್ಪನವರು ಹಾಳೆ ನೋಡಿದರು. "ಅಂದಕ್ಕೆ?" ಎಂದರು. ಅಷ್ಟೇ. ಅವರು ಕೂಗಾಡಿದ್ದರೆ ನನಗೆ ಅಷ್ಟು ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇದೊಂದೇ: ಎಳೆಯುವ ಪ್ರತಿ ಗೆರೆಯೂ ಯಾವ ವಸ್ತು ಎಂದು ಕೇಳಿ ತಿಳಿದುಕೊಳ್ಳಿ. ನನಗೆ ಅದು ಬರಿಯ ಗೆರೆಯಾಗಿತ್ತು.

ಯಜಮಾನರು ನನ್ನನ್ನೂ ಹಾಳೆಯನ್ನೂ ನೋಡಿ ತಲೆ ಕೊಡವಿದರು. "ಹೆಣ್ಣುಮಗಳು ಮನೆ ಬಾಗಿಲಿಗೆ ಬಂದು ತಪ್ಪು ನಂದು ಅಂತಿದೀರಿ. ಇನ್ನು ನಾನೇನು ಹೇಳ್ಲಿ? ಹೆಂಚು ಹಾಕದ ಹನ್ನೊಂದು ಮನೆ ಒಡೆದು ಕೂಡಿಸಿ. ಸಂಸಾರ ಇರೋ ಮನೆ ವಿಷಯ ನಂಗೆ ಹೇಳ್ಬೇಡಿ. ಆ ಯಮ್ಮನ ಹತ್ರ ನಾನು ಮಾತಾಡೋದಿಲ್ಲಪ್ಪ."

ಹನ್ನೊಂದು ಮನೆಗಳಲ್ಲೂ ಮೂಲೆ ಬಿಡಿಸಿ, ಕಡಿದ ಕಂಬಿಗಳ ತುದಿ ಹೊರತೆಗೆದು, ಬಗ್ಗಿಸಿದ ತುಂಡುಗಳನ್ನು ಉದ್ದಕ್ಕೆ ಜೋಡಿಸಿ ಬಿಗಿದು ಕಾಂಕ್ರೀಟು ತುಂಬಿದರು. ರುದ್ರಪ್ಪನವರು ನನ್ನನ್ನು ಕರೆಸಿ ಏಣಿ ಹತ್ತಿಸಿದರು. ಸೀರೆ ಕಚ್ಚೆ ಹಾಕಿಕೊಂಡು ಹತ್ತಿದೆ. ನಾನು ಮುತ್ತಿನ ಹಾಗೆ ಅಕ್ಷರ ಬರೆದ ಜಾಗದಲ್ಲಿ ಎರಡೂ ಕಡೆಯಿಂದ ಕಬ್ಬಿಣದ ತುದಿಗಳು, ಮಾತು ಅರ್ಧಕ್ಕೆ ನಿಲ್ಲಿಸಿದವರ ಹಾಗೆ, ಎದುರುಬದುರು ನಿಂತಿದ್ದವು. ನಡುವೆ ನನ್ನ ಮೊಳಕೈ ಉದ್ದದ ಖಾಲಿ.

ಉಳಿದದ್ದು ಸಂಸಾರವಿದ್ದ ಮನೆ. ಆಷಾಢ ಬಂದುಬಿಡುತ್ತದೆ ಎಂದು ಅವಸರವಾಗಿ ಹಾಲು ಉಕ್ಕಿಸಿ ಬಂದವರು ಕಾರ್ಖಾನೆಯ ಗುಮಾಸ್ತರೊಬ್ಬರು. ಅವರ ಹೆಂಡತಿ ಸಾವಿತ್ರಮ್ಮ. ಮೂರು ಮಕ್ಕಳು, ಮೂವರೂ ಅದೇ ಮೂಲೆಯ ಕೋಣೆಯಲ್ಲಿ ಮಲಗುತ್ತಿದ್ದರು. ರುದ್ರಪ್ಪನವರು ಹೋಗಿ ಹೇಳಿದ್ದಕ್ಕೆ ಆಕೆ, "ಪ್ರತಿಷ್ಠೆ ಮಾಡಿದ ದೇವರ ತಲೆ ಮೇಲೆ ಉಳಿ ಇಡಿಸ್ತೀರಾ? ನಾನಿರೋ ತನಕ ಆಗಲ್ಲ" ಎಂದು ಬಾಗಿಲು ಹಾಕಿದ್ದರು.

ನಾನು ಹೋದೆ. ಒಳಗೆ ಕರೆದು ಮಣೆ ಹಾಕಿದರು. ಗೂಡಿನಲ್ಲಿ ಒಂದು ಬೆಳ್ಳಿಯ ಮುಖ, ಎರಡು ಪಟ, ದೀಪ. ಕೆಳಗೆ ಮೂರು ಪುಟ್ಟ ಹಾಸಿಗೆಗಳ ಸುರುಳಿ.

"ಬೇರೆ ಮನೆಗಳನ್ನೆಲ್ಲ ಒಡೆದು ಕೂಡಿಸಿದರಂತಲ್ಲ, ನೀವೂ ಅದನ್ನೇ ಹೇಳೋಕೆ ಬಂದಿದೀರಿ" ಎಂದರು.

"ಇಲ್ಲ. ಬೇರೆ ಮಾತು. ಆ ಜಾಗದಲ್ಲಿ ಕಬ್ಬಿಣ ಬಿಟ್ಟದ್ದು ಶಾಸ್ತ್ರಕ್ಕಲ್ಲ. ನಾನು ಬರೆಯೋವಾಗ ಮಾಡಿದ ತಪ್ಪು."

ಅವರು ಹೂ ಕಟ್ಟುವುದನ್ನು ನಿಲ್ಲಿಸಿದರು. "ನಿಮ್ಮ ತಪ್ಪಿಗೆ ನಮ್ಮ ದೇವರು ಎದ್ದು ಹೋಗಬೇಕಾ?"

"ಹೌದು" ಎಂದೆ.

"ಈ ಊರಲ್ಲಿ ಭೂಮಿ ನಡುಗುತ್ತಾ?"

"ಗೊತ್ತಿಲ್ಲ. ಬಹುಶಃ ನಡುಗಲ್ಲ."

"ಮತ್ತೆ?"

"ಗೊತ್ತಿಲ್ಲದ್ದಕ್ಕೇ ಬಂದೆ. ನನ್ನ ಕೂಸು ಇಲ್ಲಿ ಮಲಗೋದಾಗಿದ್ರೆ ನಾನೇ ಒಡೀತಿದ್ದೆ."

ಸಾವಿತ್ರಮ್ಮ ಹಾಸಿಗೆಗಳ ಕಡೆ ನೋಡಿದರು. "ಸೋಮವಾರ ಬೇಡ. ಮಂಗಳವಾರವೂ ಬೇಡ. ಬುಧವಾರ ಬರಲಿ" ಎಂದರು.

ಬುಧವಾರ ಅವರು ದೇವರನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ರೇಷ್ಮೆಯ ಖಣ ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಅಂಗಳದ ಹುಣಿಸೆಮರದ ಕೆಳಗೆ ಕೂತರು. ಒಳಗೆ ಬೀಳುವ ಉಳಿಯ ಒಂದೊಂದು ಪೆಟ್ಟಿಗೂ ಅವರ ಕೈ ಬುಟ್ಟಿಯನ್ನು ಅವುಚುತ್ತಿತ್ತು. ನಾನು ಒಳಗೆ ಏಣಿ ಹಿಡಿದು ನಿಂತಿದ್ದೆ. ಗಾರೆ ಉದುರಿತು. ಕಾಂಕ್ರೀಟು ಸಿಕ್ಕಿತು. ಇರಬಾರದ ಜಾಗದಲ್ಲಿ ಕಾಂಕ್ರೀಟು! ಚಿನ್ನಪ್ಪ ಇನ್ನೂ ನಾಲ್ಕು ಪೆಟ್ಟು ಹಾಕಿ, ಬಗ್ಗಿ ನೋಡಿ, "ಅಯ್ಯೋ ಸಾಮೀ!" ಎಂದು ಕೂಗಿದ.

ರುದ್ರಪ್ಪನವರು ಆ ಕನ್ನಡಕದಲ್ಲೇ ಏಣಿ ಹತ್ತಿದರು. ಕಂಬಿ ಇತ್ತು. ಎರಡೂ ಕಂಬಿಗಳು ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಾಗಿ, ದೇವರಗೂಡಿನ ತಲೆಯ ಮೇಲೆ ಎಲ್ಲೂ ಕಡಿಯದೆ ಹಾಯ್ದಿದ್ದವು.

"ಈ ಮನೆ ಡಾಬು ಯಾರು ಹಾಕಿದ್ದು?"

ಚಿನ್ನಪ್ಪ ಹೊರಗೆ ಓಡಿ ತನ್ನ ಮಾವನನ್ನು ಕರೆತಂದ. ಹಲ್ಲಿಲ್ಲದ ಮುದುಕ. ಏನೋ ಅಪರಾಧವಾಗಿದೆ ಎಂದು ಕೈಮುಗಿದುಕೊಂಡೇ ಬಂದ.

"ಕಾಗದ ನೋಡಲಿಲ್ವೇನಪ್ಪ?" ಎಂದರು ರುದ್ರಪ್ಪನವರು.

"ನಂಗೆ ಆ ನೀಲಿ ಕಾಗ್ದ ಎಲ್ಲಿ ತಿಳೀತದೆ ಸಾಮಿ. ಇವನು ಕಂಬಿ ಕಡಿ ಅಂದ. ಕಂಬಿ ಕಡಿಯಾಕೆ ಅರ್ಧ ದಿನ ಬೇಕು, ಉಳಿ ಹಾಳಾಯ್ತದೆ. ಬಗ್ಸೋದು ಸಲೀಸು. ಬಗ್ಸಿ ಮುಚ್ಚಿಬಿಟ್ಟೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ತಪ್ಪಾಯ್ತು."

ರುದ್ರಪ್ಪನವರು ಏಣಿಯ ಮೇಲೇ ಕೂತುಬಿಟ್ಟರು. ಓದಿ ಬರೆದು ತಿಳಿದ ನಾನು ಹನ್ನೊಂದು ಮನೆ ಕೆಡಿಸಿದ್ದೆ. ಓದಲು ಬಾರದ ಮುದುಕನ ಸೋಮಾರಿತನ ಒಂದನ್ನು ಉಳಿಸಿತ್ತು. ಆ ಒಂದನ್ನೇ ನಾನು ಹಟ ಹಿಡಿದು ಒಡೆಸಿದ್ದೆ. ಹೊರಗೆ ಮರದ ಕೆಳಗೆ ದೇವರನ್ನು ಮಡಿಲಲ್ಲಿಟ್ಟುಕೊಂಡು ಕೂತ ಹೆಂಗಸಿಗೆ ಇದನ್ನು ಹೇಳಬೇಕಾಗಿತ್ತು.

ಹೇಳಬೇಕಾಗಲಿಲ್ಲ. ಗದ್ದಲ ಕೇಳಿ ಸಾವಿತ್ರಮ್ಮ ಬುಟ್ಟಿಯ ಸಮೇತ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುದುಕನನ್ನು ನೋಡಿದರು, ನನ್ನನ್ನು ನೋಡಿದರು, ಗೂಡಿನ ಮೇಲಿನ ಬಾಯಿಬಿಟ್ಟ ಗೋಡೆಯನ್ನು ನೋಡಿದರು. ನಾನು ಬೈಗುಳಕ್ಕೆ ತಲೆತಗ್ಗಿಸಿ ನಿಂತೆ.

"ಅಂದ್ರೆ ಇಷ್ಟು ದಿನವೂ ನಮ್ಮ ದೇವರ ತಲೆ ಮೇಲೆ ಕಬ್ಬಿಣ ಇತ್ತು ಅನ್ನಿ," ಎಂದರು. "ದೇವರು ಒಂದು ಮಾತೂ ಅನ್ನಲಿಲ್ಲ ನೋಡಿ. ಹೆದರಿ ಸತ್ತಿದ್ದು ನಾನು."

ಆಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಉದುರಿದ ಗಾರೆಯನ್ನು ಗುಡಿಸತೊಡಗಿದರು.